ಶಾಲಾ ಸಮಿತಿಯ ನಡಾವಳಿಯಲ್ಲಿ ಮಗುವಿನ ಓದು

2023ರ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಚಿತ್ರದುರ್ಗ ಜಿಲ್ಲೆ ಶೇ 96.80ರಷ್ಟು ತೇರ್ಗಡೆಯೊಂದಿಗೆ ರಾಜ್ಯಕ್ಕೇ ಮೊದಲಾಗಿತ್ತು. ಮಳೆ ಕೈಕೊಡುವ, ಅರ್ಧ ಊರು ದುಡಿಮೆಗೆ ಪರಸ್ಥಳಕ್ಕೆ ಹೋಗುವ ಚಳ್ಳಕೆರೆ, ಮೊಳಕಾಲ್ಮೂರಿನಂಥ ತಾಲ್ಲೂಕುಗಳಿರುವ ಜಿಲ್ಲೆ ಕರಾವಳಿಯನ್ನೂ ಹಿಂದೆ ಹಾಕಿತೆಂದು ನಾವೆಲ್ಲ ಹಿಗ್ಗಿದೆವು. ಮರುವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಲಾಯಿತು. ಜಿಲ್ಲೆಯ ಫಲಿತಾಂಶ ಶೇ 72.85ಕ್ಕೆ ಇಳಿಯಿತು, ಸ್ಥಾನ 21ಕ್ಕೆ ಹೋಯಿತು. ರಾಜ್ಯದ ಫಲಿತಾಂಶವೂ ಶೇ 83.89ರಿಂದ 73.40ಕ್ಕೆ ಬಂತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ.

ಒಂದೇ ವರ್ಷದಲ್ಲಿ ಒಂದು ಜಿಲ್ಲೆಯ ಮಕ್ಕಳ ಬುದ್ಧಿ ಅಷ್ಟು ಕುಗ್ಗುವುದಿಲ್ಲ. ಮೇಷ್ಟ್ರುಗಳ ದುಡಿಮೆಯೂ ಅಷ್ಟು ಕಡಿಮೆಯಾಗಿರಲಿಲ್ಲ. ಬದಲಾದದ್ದು ಅಳೆಯುವ ರೀತಿ. ಹತ್ತನೇ ತರಗತಿಯಲ್ಲಿ ಬಯಲಾದ ಕೊರತೆ ಹುಟ್ಟುವುದು ಎರಡನೇ, ಮೂರನೇ ತರಗತಿಯಲ್ಲಿ, ನಮ್ಮೂರ ಪ್ರಾಥಮಿಕ ಶಾಲೆಯ ಕೋಣೆಯಲ್ಲಿ. ಆ ಶಾಲೆಗೆ ಒಂದು ಸಮಿತಿ ಇದೆ. ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಪೋಷಕರ ಪ್ರತಿನಿಧಿಯಾಗಿ ಆ ಸಮಿತಿಯಲ್ಲಿ ಕೂತವನು ನಾನು. ಊರ ಶಾಲೆ ಸುಧಾರಿಸಬೇಕಾದರೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಆ ಜಾಗದಿಂದಲೇ ನೋಡಲು ಬಯಸುತ್ತೇನೆ.

ಶಾಲೆ ಯಾರದು ಎಂಬ ಮಾತು ನಮ್ಮ ಸೀಮೆಯಲ್ಲಿ ಹೊಸದಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ಶಾಸನ ತಂದಿತು. 1930ರ ಶಾಸನ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. ಹತ್ತು ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ ಸರ್ಕಾರ ಅದನ್ನು ಮತ್ತೆ ತನ್ನ ಕೈಗೆ ತೆಗೆದುಕೊಂಡಿತು. ಅಲ್ಲಿಂದ ಮುಂದೆ ಊರಿನವರು ಜಾಗ ಕೊಟ್ಟರು, ಕಲ್ಲು ಹೊತ್ತರು, ಕೋಣೆ ಕಟ್ಟಿಸಿದರು. ತೀರ್ಮಾನಗಳು ಮಾತ್ರ ಮೇಲಿನಿಂದ ಬಂದವು. ಡಾ. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಸಲಹೆಯ ಬೆನ್ನಲ್ಲೇ 2001ರ ಏಪ್ರಿಲ್‌ನಲ್ಲಿ ಸರ್ಕಾರದ ಆದೇಶವೊಂದು ಹೊರಟು, ಹಳೆಯ ಗ್ರಾಮ ಶಿಕ್ಷಣ ಸಮಿತಿಗಳ ಜಾಗದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಇವತ್ತಿನ ಎಸ್‌ಡಿಎಂಸಿಗಳು ಬಂದವು. ಆ ಶಾಲೆಯಲ್ಲಿ ಓದುವ ಮಕ್ಕಳ ತಂದೆತಾಯಿಯರೇ ಸಮಿತಿಯಲ್ಲಿ ಇರಬೇಕು ಎಂಬುದು ಆ ಆದೇಶದ ಜೀವ. ಊರ ಹಿರಿಯ, ಗುತ್ತಿಗೆದಾರ, ರಾಜಕೀಯದವರ ಜಾಗದಲ್ಲಿ ಕೂಲಿ ಮಾಡುವ ತಾಯಿ ಕುರ್ಚಿಯ ಮೇಲೆ ಕೂರುವ ಅವಕಾಶ ಅಲ್ಲಿ ಹುಟ್ಟಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ದೇಶದ ಕಾನೂನಿನ ಬಲ ಕೊಟ್ಟಿತು: ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಮಹಿಳೆಯರು, ಅವಕಾಶವಂಚಿತರಿಗೆ ಮತ್ತು ದುರ್ಬಲ ವರ್ಗದವರಿಗೆ ಅವರ ಪಾಲು. ಶಾಲೆಯ ಅಭಿವೃದ್ಧಿ ಯೋಜನೆ ಮಾಡುವುದು, ಅನುದಾನದ ಖರ್ಚು ನೋಡುವುದು, ಶಾಲೆ ನಡೆಯುವ ರೀತಿಯ ಮೇಲೆ ಕಣ್ಣಿಡುವುದು ಸಮಿತಿಯ ಕೆಲಸ.

ಕಾಗದದ ಮೇಲೆ ಇದು ಸಣ್ಣ ಅಧಿಕಾರವಲ್ಲ. ಆದರೆ ನಮ್ಮ ಎರಡೂ ತಾಲ್ಲೂಕುಗಳ ಯಾವುದೇ ಸಮಿತಿಯ ನಡಾವಳಿ ಪುಸ್ತಕ ತೆರೆದರೆ ಏನಿರುತ್ತದೆ ಎಂದು ಸದಸ್ಯರಾದವರಿಗೆಲ್ಲ ಗೊತ್ತು. ಸುಣ್ಣಬಣ್ಣ, ಕಾಂಪೌಂಡು, ಶೌಚಾಲಯದ ಬಾಗಿಲು, ಸ್ವಾತಂತ್ರ್ಯ ದಿನಾಚರಣೆಯ ಸಿಹಿ, ಬಿಸಿಯೂಟದ ಗ್ಯಾಸ್ ಸಿಲಿಂಡರು. ಇವು ಬೇಡ ಎನ್ನುವುದಿಲ್ಲ. ಬಾಗಿಲಿಲ್ಲದ ಶೌಚಾಲಯದಿಂದ ಎಷ್ಟು ಹೆಣ್ಣುಮಕ್ಕಳು ಶಾಲೆ ತಪ್ಪಿಸುತ್ತಾರೆಂಬುದು ಸಮಿತಿಯ ಹೆಂಗಸರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅಷ್ಟೆಲ್ಲ ಬರೆದ ಪುಸ್ತಕದಲ್ಲಿ ಒಂದು ಸಾಲು ಮಾತ್ರ ಸಿಗುವುದಿಲ್ಲ: ಐದನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಅವರಲ್ಲಿ ಎರಡನೇ ತರಗತಿಯ ಕನ್ನಡ ಪಾಠವನ್ನು ತಡವರಿಸದೆ ಓದುವವರು ಎಷ್ಟು? ನಾನು ಹೇಳಬೇಕೆಂದಿರುವುದು ಇಷ್ಟೇ. ಈ ಸಾಲು ಪ್ರತಿ ಸಭೆಯ ಮೊದಲ ವಿಷಯವಾಗುವ ತನಕ ಊರ ಶಾಲೆಗೆ ಏನೇ ತಂದರೂ ಅದು ಮಗುವಿನ ತನಕ ಮುಟ್ಟುವುದಿಲ್ಲ.

ಓದುವುದನ್ನು ಪರೀಕ್ಷಿಸಲು ನಾವ್ಯಾರು ಎಂದು ಕೆಲವು ಸದಸ್ಯರು ಹಿಂಜರಿಯುತ್ತಾರೆ. ಕಾಯ್ದೆಯ 24ನೇ ಸೆಕ್ಷನ್ನೇ ಶಿಕ್ಷಕರಿಗೆ ಒಂದು ಕರ್ತವ್ಯ ಹೊರಿಸಿದೆ: ಮಗುವಿನ ಹಾಜರಾತಿ, ಕಲಿಯುವ ಶಕ್ತಿ, ಕಲಿತದ್ದರ ಪ್ರಗತಿ, ಇಷ್ಟನ್ನೂ ಪೋಷಕರನ್ನು ಕರೆದು ತಿಳಿಸಬೇಕು. ಕೇಳುವುದು ನಮ್ಮ ಹಕ್ಕು. ಕೇಳುವ ರೀತಿ ಮಾತ್ರ ಸರಿಯಾಗಿರಬೇಕು, ಗುರುವಿನ ಮೇಲಿನ ಗೌರವ ಅದರಲ್ಲಿರಬೇಕು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲಿನ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದರು. ತಂದೆತಾಯಿಯ ಮಾತು ಕೇಳುವುದರ ಜೊತೆಗೆ ಶಿಷ್ಯ ಗುರುವನ್ನು ಗೌರವಿಸಬೇಕೆಂಬುದೂ ಆ ಶಾಸನಗಳ ಬೋಧನೆಯಲ್ಲಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಈ ನೆಲದಲ್ಲಿ ಕೊರೆದ ಮಾತು ಅದು, ಈಗಲೂ ನಮ್ಮ ಹಳ್ಳಿಗಳಲ್ಲಿ ಮೇಷ್ಟ್ರು ಬಂದರೆ ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಾರೆ. ಆ ಗೌರವವನ್ನು ಇಟ್ಟುಕೊಂಡೇ, ನಮ್ಮ ಮಗ ಓದುತ್ತಾನಾ ಸಾರ್ ಎಂದು ಕೇಳಬಹುದು. ಶಿಕ್ಷಕರನ್ನು ಬೆದರಿಸಲು ಸಮಿತಿಯ ಹೆಸರನ್ನು ಬಳಸಿದ ಕಡೆಯೆಲ್ಲ ಶಾಲೆ ಇನ್ನಷ್ಟು ಹಾಳಾಗಿದೆ.

ಸಮಿತಿ ಮಾಡಿದ ಮಾತ್ರಕ್ಕೆ ಕಲಿಕೆ ಸುಧಾರಿಸುವುದಿಲ್ಲ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ 280 ಹಳ್ಳಿಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು ಪ್ರಥಮ್ ಸಂಸ್ಥೆಯ ಜೊತೆಗೂಡಿ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅಲ್ಲಿನ ಬಹುಪಾಲು ಪೋಷಕರಿಗೆ ಗ್ರಾಮ ಶಿಕ್ಷಣ ಸಮಿತಿ ಇದೆಯೆಂಬುದೇ ತಿಳಿದಿರಲಿಲ್ಲ. ಸಭೆ ಕರೆದು ಸಮಿತಿಯ ಅಧಿಕಾರ ಏನೆಂದು ತಿಳಿಸಿ ಹೇಳಿದರು; ಶಾಲೆಯಲ್ಲಿ ಏನೂ ಬದಲಾಗಲಿಲ್ಲ. ಮಕ್ಕಳ ಓದನ್ನು ಪರೀಕ್ಷಿಸುವುದನ್ನು ಊರವರಿಗೆ ಕಲಿಸಿದರು, ಅದೊಂದರಿಂದಲೂ ಬದಲಾಗಲಿಲ್ಲ. ಊರಿನ ಯುವಕ ಯುವತಿಯರಿಗೆ ಓದು ಕಲಿಸುವ ಸರಳ ವಿಧಾನ ಹೇಳಿಕೊಟ್ಟು, ಶಾಲೆಯ ಸಮಯದ ಆಚೆಗೆ ತರಗತಿ ನಡೆಸಿದ ಕಡೆ ಮಾತ್ರ ಬಂದ ಮಕ್ಕಳ ಓದು ಮೇಲೆದ್ದಿತು. ನನಗೆ ಇದರಿಂದ ಹೊಳೆಯುವುದು ಎರಡು ಸಂಗತಿ. ಅಧಿಕಾರ ಇದೆ ಎಂದು ತಿಳಿಸುವುದು ಸಾಲದು. ಗೊತ್ತಾದ ಕೊರತೆಗೆ ಊರಿನ ಒಳಗೇ ಒಂದು ಕೆಲಸ ಜೋಡಿಸಬೇಕು.

ಆ ಕೆಲಸಕ್ಕೆ ಬೇಕಾದ ಸಾಮಗ್ರಿ ನಮ್ಮ ಕೈಯಲ್ಲಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಲಿಕಾ ಏಣಿಯಲ್ಲಿ ಅವರವರ ಮೆಟ್ಟಿಲು ಹತ್ತುತ್ತಾರೆ. ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ಯಾವ ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂಬುದು ದಾಖಲಾಗುತ್ತದೆ. ಅಕ್ಷರ ಬಾರದ ತಾಯಿಗೂ ಅದನ್ನು ತೋರಿಸಿ ವಿವರಿಸಬಹುದು. ಶಿಕ್ಷಕರು ಅಷ್ಟು ಶ್ರದ್ಧೆಯಿಂದ ಇಡುವ ಈ ದಾಖಲೆಯನ್ನು ಸಮಿತಿಗಳು ತಿರುಗಿಯೂ ನೋಡುವುದಿಲ್ಲ ಎಂಬುದು ನನಗೆ ತುಂಬ ನೋವಿನ ವಿಷಯ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ. ಪಿಯುಸಿ ಮುಗಿಸಿದ, ಡಿಗ್ರಿ ಓದುವ ಹೆಣ್ಣುಮಕ್ಕಳು ಪ್ರತಿ ಊರಲ್ಲೂ ಇದ್ದಾರೆ. ಸಂಜೆ ಒಂದು ಗಂಟೆ ಹೊತ್ತು ಆ ಕೇಂದ್ರದಲ್ಲೋ ಶಾಲೆಯ ಜಗಲಿಯಲ್ಲೋ ಹಿಂದುಳಿದ ಮಕ್ಕಳನ್ನು ಕೂರಿಸಿ ಓದಿಸುವ ವ್ಯವಸ್ಥೆಯನ್ನು ಸಮಿತಿ ಮಾಡಬಹುದು. ಅಕ್ಷರ ಫೌಂಡೇಶನ್ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಡೆಸುವ ಗಣಿತ ಸ್ಪರ್ಧೆಗಳ ಗುಣವೂ ಇದೇ: ಮಗು ಭಾಗಾಕಾರ ಮಾಡುವುದೋ ಇಲ್ಲವೋ ಎಂಬುದು ಊರಿನ ಎದುರಿಗೇ ಗೊತ್ತಾಗುತ್ತದೆ.

ಇನ್ನು ನಮ್ಮ ತಾಲ್ಲೂಕುಗಳದ್ದೇ ಆದ ಎರಡು ಕಷ್ಟಗಳು. ಬೆಂಗಳೂರಿನಲ್ಲಿ ಕೂತು ಮಾಡಿದ ಯಾವ ಯೋಜನೆಯಲ್ಲೂ ಇವಕ್ಕೆ ತಕ್ಕ ಜಾಗ ಸಿಕ್ಕಿಲ್ಲ.

ಮೊದಲನೆಯದು ಮನೆಮಾತು. ಪರಶುರಾಂಪುರ ಹೋಬಳಿಯಿಂದ ಹಿಡಿದು ಮೊಳಕಾಲ್ಮೂರಿನ ದೇವಸಮುದ್ರ ಹೋಬಳಿಯವರೆಗೆ, ಆಂಧ್ರದ ಕಲ್ಯಾಣದುರ್ಗ, ರಾಯದುರ್ಗದ ಕಡೆಗೆ ಮುಖ ಮಾಡಿದ ಊರುಗಳಲ್ಲಿ ಎಷ್ಟೋ ಮನೆಗಳ ಒಳಗಿನ ಮಾತು ತೆಲುಗು. ಮ್ಯಾಸನಾಯಕರ ಹಟ್ಟಿಗಳಲ್ಲಿ, ಬೇರೆ ಸಮುದಾಯಗಳ ಮನೆಗಳಲ್ಲಿ ಮಗು ಆರನೇ ವರ್ಷಕ್ಕೆ ಶಾಲೆಗೆ ಬಂದಾಗ ಕನ್ನಡ ಅದಕ್ಕೆ ಬೀದಿಯಲ್ಲಿ ಕಿವಿಗೆ ಬಿದ್ದ ಭಾಷೆ ಮಾತ್ರ. ಲಂಬಾಣಿ ತಾಂಡಾದ ಮಗುವಿಗೂ ಇದೇ ಪಾಡು. ಈ ಮಕ್ಕಳು ದಡ್ಡರಲ್ಲ. ವರ್ಷದೊಳಗೆ ಎರಡು ಭಾಷೆ ಸಲೀಸಾಗಿ ಆಡುತ್ತಾರೆ. ಆದರೆ ಆ ಮೊದಲ ವರ್ಷದಲ್ಲಿ ಕಲಿಸುವವರಿಗೆ ಮಗುವಿನ ಮಾತು ತಿಳಿಯದಿದ್ದರೆ, ಅಕ್ಷರ ಮತ್ತು ಅರ್ಥ ಎರಡೂ ಒಟ್ಟಿಗೇ ಹೊರೆಯಾಗಿ ಮಗು ಮೌನವಾಗುತ್ತದೆ. ಒಳ್ಳೆಯ ಶಿಕ್ಷಕಿಯರು ಇಲ್ಲಿ ಮಾಡುವ ಕೆಲಸವನ್ನು ಕಣ್ಣಾರೆ ಕಂಡಿದ್ದೇನೆ: ಮೊದಲ ಕೆಲವು ತಿಂಗಳು ಕಥೆಯನ್ನು ತೆಲುಗಿನಲ್ಲಿ ಹೇಳಿ, ಅದನ್ನೇ ಕನ್ನಡದಲ್ಲಿ ಹೇಳಿ, ಆಮೇಲೆ ಅಕ್ಷರಕ್ಕೆ ಬರುತ್ತಾರೆ. ಆ ಮಕ್ಕಳು ಮೂರನೇ ತರಗತಿಗೆ ಬರುವಾಗ ಕನ್ನಡ ಓದುತ್ತಿರುತ್ತಾರೆ. ಕನ್ನಡ ಉಳಿಯಬೇಕೆಂದು ಗಡಿಯಲ್ಲಿ ಭಾಷಣ ಮಾಡುವವರು ಈ ಶಿಕ್ಷಕಿಯರಿಗೆ ಮೊದಲು ಕೈ ಮುಗಿಯಬೇಕು. ಗಡಿ ಶಾಲೆಗೆ ನೇಮಕ ಮಾಡುವಾಗ, ವರ್ಗ ಮಾಡುವಾಗ, ಮಗುವಿನ ಮನೆಮಾತು ಬಲ್ಲವರಿಗೆ ಆದ್ಯತೆ ಕೊಡಿ ಎಂದು ಸಮಿತಿಗಳು ಬಿಇಒ ಕಚೇರಿಗೆ ಬರೆಯಬೇಕು. ಆಗುವುದಿಲ್ಲ ಎಂದಾದರೆ ಅತಿಥಿ ಶಿಕ್ಷಕರ ಆಯ್ಕೆಯಲ್ಲಾದರೂ ಅದನ್ನು ನೋಡಬೇಕು.

ಎರಡನೆಯದು ಗುಳೆ. ಶೇಂಗಾ ಕೈಕೊಟ್ಟ ವರ್ಷ ದೀಪಾವಳಿ ಕಳೆಯುತ್ತಿದ್ದಂತೆ ಮನೆಗಳಿಗೆ ಬೀಗ ಬೀಳುತ್ತದೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮಲೆನಾಡಿನ ತೋಟಕ್ಕೋ ಅಪ್ಪ ಅಮ್ಮ ಹೊರಟಾಗ ಅಜ್ಜಿ ಇದ್ದರೆ ಮಗು ಊರಲ್ಲಿ ಉಳಿಯುತ್ತದೆ, ಇಲ್ಲವಾದರೆ ಜೊತೆಗೆ ಹೋಗುತ್ತದೆ. ಕುರಿ ಹಿಂಡಿನ ಹಿಂದೆ ಹೋಗುವ ಕುಟುಂಬಗಳದ್ದು ಇನ್ನೊಂದು ದಾರಿ. ಯುಗಾದಿಗೋ ನಾಯಕನಹಟ್ಟಿ ಜಾತ್ರೆಗೋ ಮರಳಿ ಬಂದಾಗ ವರ್ಷದ ಪಾಠವೇ ಮುಗಿದಿರುತ್ತದೆ. ದಾಖಲೆಯಲ್ಲಿ ಆ ಮಗು ಶಾಲೆ ಬಿಟ್ಟಿಲ್ಲ. ಹೆಸರು ಹಾಗೇ ಇದೆ, ಮುಂದಿನ ತರಗತಿಗೆ ದಾಟಿಯೂ ಬಿಡುತ್ತದೆ. ಎರಡು ವರ್ಷ ಹೀಗಾದರೆ ಅದು ಓದು ಕಲಿಯದೆಯೇ ಐದನೇ ತರಗತಿಗೆ ಬಂದು ನಿಲ್ಲುತ್ತದೆ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದರಿಂದ ಇಡೀ ರಾಜ್ಯದ ಮಕ್ಕಳು ಕಳೆದುಕೊಂಡದ್ದನ್ನು ಮಕ್ಕಳ ಕಲಿಕೆಯನ್ನು ಅಳೆಯುವ 2022ರ ಅಸರ್ ವರದಿ ತೋರಿಸಿತು, ‘ಕಲಿಕಾ ಚೇತರಿಕೆ’ ಎಂದು ವರ್ಷವಿಡೀ ಕಾರ್ಯಕ್ರಮವೂ ನಡೆಯಿತು. ಗುಳೆ ಹೋಗುವ ಮನೆಯ ಮಗುವಿಗೆ ಪ್ರತಿ ಬರಗಾಲವೂ ಅಂಥದ್ದೇ ಒಂದು ಮುಚ್ಚುಗಡೆ. ಋತುಮಾನದ ವಸತಿ ವ್ಯವಸ್ಥೆಗೆ ಸಮಗ್ರ ಶಿಕ್ಷಣದಲ್ಲಿ ಅವಕಾಶ ಇದೆ. ಆದರೆ ಅದನ್ನು ಕೇಳಬೇಕಾದರೆ ಯಾವ ಮನೆ ಹೊರಡುತ್ತದೆ ಎಂದು ಅಕ್ಟೋಬರ್‌ನಲ್ಲೇ ಗೊತ್ತಿರಬೇಕು. ಆ ಮಾಹಿತಿ ಯಾವ ತಂತ್ರಾಂಶದಲ್ಲೂ ಸಿಗುವುದಿಲ್ಲ. ಸಮಿತಿಯಲ್ಲಿ ಕೂತ ತಾಯಂದಿರಿಗೆ ಗೊತ್ತಿರುತ್ತದೆ.

ಶಿಕ್ಷಕರ ವಿಷಯಕ್ಕೆ ಬಂದರೆ ಸಮಿತಿಯ ಕೈ ಕಟ್ಟಿದೆ. ಅಮೆರಿಕದ ಶಿಕಾಗೊ ನಗರದಲ್ಲಿ 1988ರ ಕಾನೂನು ಪ್ರತಿ ಶಾಲೆಗೂ ಒಂದು ಸ್ಥಳೀಯ ಮಂಡಳಿ ಕೊಟ್ಟಿತು. ಅದರಲ್ಲಿ ಪೋಷಕರೇ ಹೆಚ್ಚು, ಮುಖ್ಯಸ್ಥರನ್ನು ಆರಿಸುವ ಮತ್ತು ಶಾಲೆಯ ಬಜೆಟ್ ಒಪ್ಪುವ ಅಧಿಕಾರವೂ ಅವರದು. ನಮಗೆ ಅಷ್ಟು ಬೇಕೆಂದು ನಾನು ಹೇಳಲಾರೆ. ಜಾತಿ ಮತ್ತು ಪಕ್ಷ ಊರೊಳಗೆ ಹೇಗೆ ಕೆಲಸ ಮಾಡುತ್ತವೆಂದು ಬಲ್ಲವರು ಶಿಕ್ಷಕರ ನೇಮಕವನ್ನು ಊರಿನ ಕೈಗೆ ಕೊಡಿ ಎನ್ನುವುದಿಲ್ಲ. ಆದರೆ ಶಿಕ್ಷಕರೇ ಇಲ್ಲದ ಶಾಲೆಯಲ್ಲಿ ಮೇಲುಸ್ತುವಾರಿ ಯಾವುದರ ಮೇಲೆ? ಅರವತ್ತು ಮಕ್ಕಳ ತನಕ ಇಬ್ಬರು ಶಿಕ್ಷಕರು ಎಂಬುದು ಕಾಯ್ದೆಯ ಲೆಕ್ಕ. ಇಬ್ಬರು ಐದು ತರಗತಿ ನಡೆಸಬೇಕು. ಒಬ್ಬರು ತರಬೇತಿಗೋ ಮಾಹಿತಿ ಕೊಡಲು ಕಚೇರಿಗೋ ಹೋದ ದಿನ ಉಳಿದವರು ಮಕ್ಕಳನ್ನು ಕಾಯುವವರಾಗುತ್ತಾರೆ. 2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಕ್ಕೆ ಸರ್ಕಾರ ಹೊರಟಿತು. ಅದು ನ್ಯಾಯಾಲಯದ ಮೆಟ್ಟಿಲು ಹತ್ತಿ ಮಕ್ಕಳು ಕಾಯುವಂತಾಯಿತು. ಖಾಲಿ ಜಾಗವನ್ನು ಅತಿಥಿ ಶಿಕ್ಷಕರು ತುಂಬುತ್ತಾರೆ, ಅವರಿಗೆ ಬೇಸಿಗೆ ರಜೆಯಲ್ಲಿ ಗೌರವಧನ ಇಲ್ಲ, ಮುಂದಿನ ವರ್ಷ ಇರುತ್ತೇವೆಂಬ ಭರವಸೆಯೂ ಇಲ್ಲ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು 27ನೇ ಸೆಕ್ಷನ್ ಹೇಳುತ್ತದೆ. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಬಳಸಿಕೊಂಡು, ಅದು ಮುಗಿಯದ್ದರಿಂದ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಕಾದ್ದೇ, ನಮ್ಮಂಥ ಪರಿಶಿಷ್ಟ ಪಂಗಡದ, ಹಿಂದುಳಿದವರ ತಾಲ್ಲೂಕಿಗೆ ಇನ್ನೂ ಬೇಕು. ಅದರ ಬೆಲೆ ತೆತ್ತವರು ಮಾತ್ರ ಸರ್ಕಾರಿ ಶಾಲೆಯ ಮಕ್ಕಳು. ಕಳೆದ ದಿನಗಳನ್ನು ಯಾವಾಗ, ಹೇಗೆ ತುಂಬುತ್ತೀರಿ ಎಂದು ಬರಹದಲ್ಲಿ ಕೇಳುವ ಹಕ್ಕನ್ನು ಎಷ್ಟು ಸಮಿತಿಗಳು ಬಳಸಿದವು?

ಜಿಲ್ಲೆಯ ಗಡಿಯ ಆಚೆ ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ 371(ಜೆ) ಕಲಂನ ಸವಲತ್ತು ಇದೆ, ಕಲ್ಯಾಣ ಕರ್ನಾಟಕ ಮಂಡಳಿಯ ಹಣ ಶಾಲೆಗಳಿಗೆ ಬರುತ್ತದೆ. ಅದೇ ಮಳೆ, ಅದೇ ಮಣ್ಣು, ಅದೇ ಬಡತನದ ಮೊಳಕಾಲ್ಮೂರು ಹಳೇ ಮೈಸೂರಿಗೆ ಸೇರಿದ್ದರಿಂದ ಹೊರಗುಳಿದಿದೆ. ಸೇರಿಸಬೇಕೆಂಬ ಬೇಡಿಕೆ ನ್ಯಾಯವಾದದ್ದು. ಸಂವಿಧಾನದ ತಿದ್ದುಪಡಿಗೆ ಕಾಯುತ್ತ ಕೂರುವ ಬದಲು, ಗಡಿ ತಾಲ್ಲೂಕುಗಳ ಖಾಲಿ ಹುದ್ದೆಗಳನ್ನು ಮೊದಲು ತುಂಬುವ ಆದೇಶವನ್ನು ರಾಜ್ಯ ಸರ್ಕಾರವೇ ಮಾಡಬಹುದು.

ಹಣದ ಮಾತು ಚಿಕ್ಕದು. ಸಮಗ್ರ ಶಿಕ್ಷಣದ ಶಾಲಾ ಅನುದಾನ ಮೂವತ್ತು ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, ನೂರರವರೆಗೆ 25,000. ಸೀಮೆಸುಣ್ಣದಿಂದ ನಲ್ಲಿ ರಿಪೇರಿಯವರೆಗೆ ಎಲ್ಲ ಅದರಲ್ಲೇ. ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಮತ್ತು ನೀರು ಉಚಿತವೆಂದು 2023ರ ರಾಜ್ಯೋತ್ಸವದಂದು ಘೋಷಣೆಯಾದದ್ದು ದೊಡ್ಡ ಉಪಕಾರ.

ಮಕ್ಕಳು ಸರ್ಕಾರಿ ಶಾಲೆ ಬಿಡುವುದರ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಬೆಳಿಗ್ಗೆ ಹಳದಿ ವ್ಯಾನು ಬಂದು ಅನುಕೂಲಸ್ಥರ ಮಕ್ಕಳನ್ನು ಚಳ್ಳಕೆರೆಗೋ ರಾಂಪುರಕ್ಕೋ ಕರೆದೊಯ್ಯುತ್ತದೆ. ಉಳಿದವರಲ್ಲಿ ಚುರುಕಾದ ಮಕ್ಕಳು ಐದನೇ ತರಗತಿ ಮುಗಿಸಿ ಮೊರಾರ್ಜಿ, ಆದರ್ಶ ವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದು ಹೋಗುತ್ತಾರೆ. ಆ ಮಕ್ಕಳಿಗೆ ಒಳ್ಳೆಯದೇ ಆಗಲಿ. ಎಷ್ಟೋ ಬಡಮನೆಗಳ ದಾರಿ ಆ ಶಾಲೆಗಳಿಂದ ತೆರೆದಿದೆ. ಆದರೆ ಕೇಳಿ ಮಾತಾಡುವ ಶಕ್ತಿ ಇರುವ ಪೋಷಕರೂ ಅವರ ಜೊತೆಗೇ ಊರ ಶಾಲೆಯಿಂದ ಹೊರಗಾಗುತ್ತಾರೆ. ಸಮಿತಿ ಸೊರಗುವುದು ಹೀಗೆ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದರು, ಈಗ ಕರ್ನಾಟಕ ಪಬ್ಲಿಕ್ ಶಾಲೆಗಳ ಸರದಿ. 2025-26ರ ಬಜೆಟ್ಟಿನಲ್ಲಿ ಹೊಸದಾಗಿ 500 ಶಾಲೆಗಳ ಮಾತಿತ್ತು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ವಿಷಯಕ್ಕೊಬ್ಬ ಶಿಕ್ಷಕರು ಎಂದರೆ ಯಾರು ಬೇಡ ಎನ್ನುತ್ತಾರೆ? ನನ್ನ ಆತಂಕ ಒಂದೇ. ದೊಡ್ಡ ಶಾಲೆಯ ಹೆಸರಲ್ಲಿ ಹಟ್ಟಿಯ ಸಣ್ಣ ಶಾಲೆಗೆ ಬೀಗ ಬಿದ್ದರೆ ಆರು ವರ್ಷದ ಮಗು ಬಸ್ಸಿಗೆ ಕಾಯಬೇಕು. ಒಂದರಿಂದ ಮೂರನೇ ತರಗತಿ ನಡೆದು ಹೋಗುವ ದೂರದಲ್ಲೇ ಇರಬೇಕು. ಶಾಲೆ ಸೇರಿಸುವ, ಮುಚ್ಚುವ ಯಾವ ತೀರ್ಮಾನವೂ ಆ ಶಾಲೆಯ ಸಮಿತಿಯ ಲಿಖಿತ ಅಭಿಪ್ರಾಯವಿಲ್ಲದೆ ಆಗಬಾರದು.

ನಾಯಕನಹಟ್ಟಿ ಹತ್ತಿರದ ಕುದಾಪುರದಲ್ಲಿ, ಹಿಂದೆ ಅಮೃತಮಹಲ್ ಕಾವಲಾಗಿದ್ದ ನೆಲದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆ ಆವರಣವಿದೆ. ಸುತ್ತಲೂ ಡಿಆರ್‌ಡಿಒ, ಬಾರ್ಕ್, ಇಸ್ರೊ ಜಾಗಗಳಿವೆ. ಅಲ್ಲಿನ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್‌ನಲ್ಲಿ ಶಾಲೆ, ಪಿಯು ಕಾಲೇಜುಗಳ ವಿಜ್ಞಾನ ಶಿಕ್ಷಕರು ಕೈಯಾರೆ ಪ್ರಯೋಗ ಮಾಡಿ ಕಲಿಯುತ್ತಾರೆ. ದೇಶಕ್ಕೇ ಹೆಸರಾದ ಸಂಸ್ಥೆ ನಮ್ಮ ಹೋಬಳಿಯಲ್ಲಿರುವುದು ಪುಣ್ಯ. ದನ ಕುರಿ ಮೇಯಿಸಿದ ಹುಲ್ಲುಗಾವಲು ಬಿಟ್ಟುಕೊಟ್ಟ ಊರುಗಳ ಮಕ್ಕಳಿಗೆ ಆ ಪುಣ್ಯದ ಪಾಲು ನೇರವಾಗಿ ಬರಬೇಕು. ತರಬೇತಿ ಪಡೆದು ಬಂದ ಶಿಕ್ಷಕರಿಗೆ ಪ್ರಯೋಗದ ಸಾಮಾನು ಇಡಲು ಒಂದು ಬೀರು, ನೀರಿರುವ ಒಂದು ಕೋಣೆ ಶಾಲೆಯಲ್ಲಿ ಇದೆಯೇ ಎಂದು ನೋಡುವುದು ಸಮಿತಿಯ ಕೆಲಸ. ಸುತ್ತಲಿನ ಶಾಲೆಗಳ ಏಳನೇ ತರಗತಿಯ ಮಕ್ಕಳು ವರ್ಷಕ್ಕೊಮ್ಮೆಯಾದರೂ ಆ ಪ್ರಯೋಗಾಲಯದಲ್ಲಿ ಕೂರಲಿ ಎಂದು ಸಮಿತಿಗಳು ಒಟ್ಟಾಗಿ ಕೇಳಿಕೊಳ್ಳಬಹುದು. ತಳುಕಿನ ವೆಂಕಣ್ಣಯ್ಯನವರು, ಬೆಳಗೆರೆ ಕೃಷ್ಣಶಾಸ್ತ್ರಿಗಳು ಬಂದ ತಾಲ್ಲೂಕು ಇದು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕ ವೆಂಕಣ್ಣಯ್ಯನವರನ್ನು ಕೊಟ್ಟ ಬಯಲುಸೀಮೆಗೆ ವಿಜ್ಞಾನಿಯನ್ನು ಕೊಡುವ ಶಕ್ತಿಯೂ ಇದೆ.

ಸಮಿತಿಯ ಒಳಗಿನ ಕೊರತೆಯನ್ನೂ ನೇರವಾಗಿ ಹೇಳಬೇಕು. ಅವಿರೋಧ ಆಯ್ಕೆ ಎಂಬ ಹೆಸರಲ್ಲಿ ಊರ ಯಜಮಾನರು ಪಟ್ಟಿ ಮಾಡುವುದು, ಹೆಂಗಸರ ಬದಲು ಗಂಡಂದಿರು ಸಭೆಗೆ ಬರುವುದು, ನಡಾವಳಿಗೆ ಮನೆಬಾಗಿಲಲ್ಲಿ ಸಹಿ ಹಾಕಿಸುವುದು ನಿಲ್ಲಬೇಕು. ಸಭೆ ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟರೆ ಕೂಲಿಯ ತಾಯಿ ಒಂದು ದಿನದ ದುಡಿಮೆ ಬಿಡಬೇಕು, ಸಂಜೆ ಇಡಬಹುದಲ್ಲ? ಹೊಸ ಸದಸ್ಯರಿಗೆ ಸಿಗುವ ತರಬೇತಿ ಒಂದು ಭಾಷಣ ಮತ್ತು ಒಂದು ಊಟದಲ್ಲಿ ಮುಗಿಯಬಾರದು. ಮಗುವನ್ನು ಓದಿಸಿ ಕೇಳುವುದು, ಅಭಿವೃದ್ಧಿ ಯೋಜನೆ ಬರೆಯುವುದು, ಖಾತೆಯ ಲೆಕ್ಕ ನೋಡುವುದು, ಈ ಮೂರನ್ನು ಕೈಹಿಡಿದು ಕಲಿಸಬೇಕು. ಶಿಕ್ಷಣತಜ್ಞ ನಿರಂಜನಾರಾಧ್ಯ ವಿ.ಪಿ. ಅವರಂಥವರು ಎಸ್‌ಡಿಎಂಸಿ ಸಮನ್ವಯ ವೇದಿಕೆಯ ಮೂಲಕ ವರ್ಷಗಳಿಂದ ಇದನ್ನೇ ಹೇಳುತ್ತ ಬಂದಿದ್ದಾರೆ. ಒಂದೊಂದೇ ಊರಿನ ಅರ್ಜಿಗೆ ಇಲ್ಲದ ತೂಕ ಒಂದು ಹೋಬಳಿಯ ಸಮಿತಿಗಳು ಸೇರಿ ಬರೆದಾಗ ಬರುತ್ತದೆ.

ಅದಕ್ಕೊಂದು ಜಾಗವೂ ಇದೆ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿ ಮಕ್ಕಳ ಗ್ರಾಮಸಭೆ ನಡೆಸಬೇಕು. ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ, ಮನೆಗಳು ಗುಳೆ ಹೊರಡುವ ಹೊತ್ತಿನಲ್ಲೇ ಅದು ಬರುತ್ತದೆ. ಸಮಿತಿಗಳು ಅಲ್ಲಿಗೆ ಎರಡು ಹಾಳೆ ಒಯ್ಯಲಿ: ತರಗತಿವಾರು ಎಷ್ಟು ಮಕ್ಕಳು ಓದುತ್ತಾರೆ, ಎಷ್ಟು ಮಕ್ಕಳಿಗೆ ಇನ್ನೂ ಬಾರದು ಎಂಬುದು ಒಂದರಲ್ಲಿ, ಗುಳೆ ಹೊರಡುವ ಮನೆಗಳ ಮಕ್ಕಳಿಗೆ ಏನು ವ್ಯವಸ್ಥೆ ಬೇಕು ಎಂಬುದು ಇನ್ನೊಂದರಲ್ಲಿ. ಪಿಡಿಒ, ಸಿಆರ್‌ಪಿ, ಪಂಚಾಯಿತಿ ಅಧ್ಯಕ್ಷರ ಎದುರಿಗೆ ಅದನ್ನು ಗಟ್ಟಿಯಾಗಿ ಓದಿ, ಠರಾವಿಗೆ ಸೇರಿಸಿ, ಪ್ರತಿಯನ್ನು ಬಿಇಒ ಕಚೇರಿಗೆ ಕಳಿಸಲಿ. ಮರುವರ್ಷದ ಸಭೆ ಶುರುವಾಗುವಾಗ ಹಿಂದಿನ ವರ್ಷದ ಆ ಎರಡು ಹಾಳೆಗಳನ್ನೇ ಮೊದಲು ಓದಿಸಬೇಕು.